ಪೆಟ್ರೋಲಿನಲ್ಲಿ ಎಥೆನಾಲ್: ನಮ್ಮ ಗಾಡಿಗಳ ಮೈಲೇಜಿಗೆ ಏನಾಯಿತು?

(ತಿಂಗಳ ಕೂಟದಲ್ಲಿ ಆಡಿದ ಮಾತುಗಳು)



ಈಚಿನ ಮೂರು ನಾಲ್ಕು ಕೂಟಗಳಲ್ಲಿ ಕೂಲಿ, ಬೋನಸ್, ಪಾಡಿ ಮನೆಗಳ ರಿಪೇರಿ ಇವುಗಳ ಮಾತು ಮುಗಿದು ಎಲ್ಲರೂ ಎದ್ದು ಹೊರಡುವ ಹೊತ್ತಿಗೆ ಬಾಗಿಲ ಬಳಿ ಒಂದೇ ದೂರು ಕೇಳಿಬರುತ್ತಿದೆ. ಗಾಡಿ ಮೊದಲಿನಷ್ಟು ಓಡುವುದಿಲ್ಲ, ಪೆಟ್ರೋಲು ಬೇಗ ಮುಗಿಯುತ್ತದೆ ಎಂಬುದೇ ಆ ದೂರು. ಒಬ್ಬರು ಬಂಕಿನವನು ಮೋಸ ಮಾಡುತ್ತಾನೆ ಎನ್ನುತ್ತಾರೆ. ಇನ್ನೊಬ್ಬರು ಸರಕಾರವೇ ಪೆಟ್ರೋಲಿಗೆ ಸಾರಾಯಿ ಬೆರೆಸುತ್ತಿದೆ ಎನ್ನುತ್ತಾರೆ. ಮತ್ತೊಬ್ಬರು ಮೆಕ್ಯಾನಿಕ್ಕನ್ನು ಬೈಯುತ್ತಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ಯಾವುದರ ಪಾಲು ಎಷ್ಟು ಎಂದು ತಿಳಿಯದೆ ಬೈದರೆ ತಪ್ಪು ಮಾಡದವನ ತಲೆಯ ಮೇಲೆ ಹೊರೆ ಬೀಳುತ್ತದೆ. ಹಾಗೆ ಬಿದ್ದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ಆಮೇಲೆ ಹೇಳುತ್ತೇವೆ.

ಮೊದಲು ಒಂದು ಸಂಗತಿಯನ್ನು ಬೇರೆ ತೆಗೆದಿಡೋಣ. ಇಂದಿನ ಮಾತೆಲ್ಲ ಪೆಟ್ರೋಲ್ ಗಾಡಿಗಳದ್ದು. ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಆಳು ತುಂಬಿಕೊಂಡು ಓಡುವ ಜೀಪುಗಳು ಹೆಚ್ಚಿನವು ಡೀಸೆಲಿನವು. ಬಂಕಿನಲ್ಲಿ ಸಿಗುವ ಡೀಸೆಲಿಗೆ ಎಥೆನಾಲ್ ಬೆರೆಸುವುದಿಲ್ಲ. ಜೀಪಿನ ಮೈಲೇಜು ಇಳಿದಿದ್ದರೆ ಅದಕ್ಕೆ ಫಿಲ್ಟರು, ಕ್ಲಚ್ಚು, ಟಯರಿನ ಗಾಳಿ, ಹದಿನೈದು ಜನ ಹತ್ತಿದ ಭಾರ ಇವುಗಳಲ್ಲಿ ಕಾರಣ ಹುಡುಕಬೇಕು.

ಎಥೆನಾಲ್ ಎಂದರೆ ಸಾರಾಯಿಯಲ್ಲಿರುವ ಅದೇ ಮದ್ಯಸಾರ. ಕಬ್ಬಿನ ರಸದಿಂದ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ, ಮೆಕ್ಕೆಜೋಳದಿಂದ, ಅಕ್ಕಿಯಿಂದ ಅದನ್ನು ತೆಗೆಯುತ್ತಾರೆ. ನೀರಿನಂಶವನ್ನು ಪೂರ್ತಿ ಹಿಂಡಿ ಪೆಟ್ರೋಲಿಗೆ ಸೇರಿಸುತ್ತಾರೆ. (ಇದನ್ನು ಕೇಳಿ ಕೆಲವರ ಕಣ್ಣು ಅರಳಿದ್ದನ್ನು ನೋಡಿದೆವು. ಅದು ಕುಡಿಯುವ ವಸ್ತುವಲ್ಲ, ವಿಷ. ಮಾತು ಮುಂದಕ್ಕೆ ಹೋಗಲಿ.)

ಇದು ಬೆರೆತರೆ ಮೈಲೇಜು ಯಾಕೆ ಇಳಿಯಬೇಕು? ನಮ್ಮ ಹೆಂಗಸರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಕವಾತು ಮಾಡಿದ ಟೀ ಗಿಡದ ಗಟ್ಟಿ ಸೌದೆ ಒಂದು ಹೊರೆ ತಂದರೆ ಎಷ್ಟು ದಿನ ಅಡಿಗೆಯಾಗುತ್ತದೆ, ಅದೇ ಗಾತ್ರದ ಹೊರೆ ಸಿಲ್ವರ್ ಓಕಿನ ಪುಳ್ಳೆ ತಂದರೆ ಎಷ್ಟು ದಿನ ಎಂಬುದು ಅವರಿಗೆ ಗೊತ್ತು. ಹೊರೆಯ ಗಾತ್ರ ಒಂದೇ, ಬೇಯಿಸುವ ಶಕ್ತಿ ಬೇರೆ. ಲೀಟರ್ ಎಂಬುದೂ ಒಂದು ಹೊರೆಯ ಗಾತ್ರ ಅಷ್ಟೇ. ಅದರೊಳಗೆ ಎಷ್ಟು ಶಾಖ ಇದೆ ಎಂಬುದು ಬೇರೆ ಲೆಕ್ಕ. ಒಂದು ಲೀಟರ್ ಬರೀ ಪೆಟ್ರೋಲು ಉರಿದರೆ ಸುಮಾರು 32 ಮೆಗಾಜೂಲ್ ಶಾಖ ಬರುತ್ತದೆ. ಒಂದು ಲೀಟರ್ ಎಥೆನಾಲ್ ಉರಿದರೆ ಸುಮಾರು 21. ಅಂದರೆ ಮೂರರಲ್ಲಿ ಒಂದು ಪಾಲು ಕಡಿಮೆ. ಎಥೆನಾಲಿನ ತೂಕದಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಆಮ್ಲಜನಕವೇ ಇದೆ. ಆಮ್ಲಜನಕ ಉರಿಯಲು ಸಹಾಯ ಮಾಡುತ್ತದೆಯೇ ಹೊರತು ತಾನೇ ಸೌದೆಯಾಗುವುದಿಲ್ಲ.

ಈಗ ಲೆಕ್ಕ ಹಾಕಿ. ನೂರು ಪಾಲಿನಲ್ಲಿ ಹತ್ತು ಪಾಲು ಎಥೆನಾಲ್ ಇದ್ದರೆ ಲೀಟರಿನ ಶಾಖ ಶೇಕಡಾ ಮೂರೂವರೆಯಷ್ಟು ಇಳಿಯುತ್ತದೆ. ಇಪ್ಪತ್ತು ಪಾಲು ಇದ್ದರೆ ಶೇಕಡಾ ಏಳರ ಹತ್ತಿರ. ಇದನ್ನು ಹೇಳುತ್ತಿದ್ದಾಗ ಒಬ್ಬ ಅಕ್ಕ ಎದ್ದು, "ಹಾಗಾದರೆ ಅಣ್ಣಾ, ನಾವು ನೂರು ರೂಪಾಯಿ ಕೊಟ್ಟು ತೊಂಬತ್ತಮೂರು ರೂಪಾಯಿಯ ಸಾಮಾನು ತರುತ್ತೇವೋ?" ಎಂದು ಕೇಳಿದರು. ಶಾಖದ ಲೆಕ್ಕದಲ್ಲಿ ಅದು ಸರಿಯಾದ ಮಾತು. ಆದರೆ ಗಾಡಿ ಓಡುವ ಲೆಕ್ಕದಲ್ಲಿ ಪೂರ್ತಿ ಏಳು ನಷ್ಟವಾಗಲೇಬೇಕೆಂದಿಲ್ಲ.

ಯಾಕೆಂದರೆ ಎಥೆನಾಲಿಗೆ ಒಂದು ಒಳ್ಳೆಯ ಗುಣವೂ ಇದೆ. ಪೆಟ್ರೋಲು ಎಂಜಿನ್ನಿನೊಳಗೆ ಒತ್ತಡಕ್ಕೆ ಸಿಕ್ಕಿ ಸಮಯಕ್ಕೆ ಮುಂಚೆಯೇ ಹೊತ್ತಿಕೊಂಡರೆ ಏರಿನಲ್ಲಿ ಟಕಟಕ ಸದ್ದು ಬರುತ್ತದೆ. ಹಾಗೆ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಗೆ ಆಕ್ಟೇನ್ ಎನ್ನುತ್ತಾರೆ. ನಮ್ಮ ದೇಶದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಅಂಕಿ 91 ಇತ್ತು. ಇಪ್ಪತ್ತು ಪಾಲು ಬೆರೆಸಿದ, ಇ-20 ಎಂದು ಕರೆಯುವ ಪೆಟ್ರೋಲಿಗೆ ಅದು 95. ಈ ಗುಣವನ್ನು ಬಳಸಿಕೊಳ್ಳುವಂತೆ ಎಂಜಿನ್ನನ್ನು ಹೊಂದಿಸಿದರೆ ಕಡಿಮೆ ಶಾಖದಿಂದಲೇ ಹೆಚ್ಚು ಕೆಲಸ ತೆಗೆಯಬಹುದು. ಹೊಂದಿಸದ ಹಳೆಯ ಎಂಜಿನ್ನಿಗೆ ಆ ಲಾಭವಿಲ್ಲ, ನಷ್ಟ ಮಾತ್ರ ಉಳಿಯುತ್ತದೆ.

ವಿಷಯದ ತಿರುಳು ಇಲ್ಲೇ ಇದೆ. ಹೊಸ ಗಾಡಿ ಯಾರ ಬಳಿ ಇದೆ, ಹಳೆಯ ಗಾಡಿ ಯಾರ ಬಳಿ ಇದೆ? ಇ-20 ಪೆಟ್ರೋಲಿಗೆ ತಾಳುವ ರಬ್ಬರು, ಪೈಪು ಹಾಕಿದ ಗಾಡಿಗಳು 2023ರ ಏಪ್ರಿಲಿನಿಂದ ಬಂದವು. ಅದಕ್ಕೆಂದೇ ಎಂಜಿನ್ ಹೊಂದಿಸಿದ ಗಾಡಿಗಳು 2025ರ ಏಪ್ರಿಲಿನಿಂದ. ನಮ್ಮ ಪಾಡಿಗಳ ಮುಂದೆ ನಿಂತಿರುವವು ಎರಡನೆಯ, ಮೂರನೆಯ ಕೈಯವು. ಹೆಚ್ಚಿನವು 2020ಕ್ಕೆ ಮುಂಚಿನ ಕಾರ್ಬುರೇಟರಿನ ಬೈಕು, ಮೊಪೆಡ್‌ಗಳು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಹೊಗೆಯನ್ನು ಪರೀಕ್ಷಿಸುವ ಸೆನ್ಸರ್ ಇರುತ್ತದೆ. ಪೆಟ್ರೋಲು ಬದಲಾದರೆ ಅದು ತಾನೇ ಅಳತೆ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟನ್ನೇ ಬಿಡುತ್ತದೆ. ಎಥೆನಾಲಿಗೆ ಗಾಳಿ ಕಡಿಮೆ ಸಾಕು, ದ್ರವ ಹೆಚ್ಚು ಬೇಕು. ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಬೆಳಗಿನ ಚಳಿಯಲ್ಲಿ ಕಿಕ್ ಮಾಡಿ ಮಾಡಿ ಕಾಲು ಸೋಲುತ್ತದೆ, ಏರಿನಲ್ಲಿ ಎಳೆತ ಸಾಲದೆ ಆಕ್ಸಿಲರೇಟರ್ ಹೆಚ್ಚು ತಿರುಗಿಸುತ್ತೇವೆ. ಒಂದು ವಿಚಿತ್ರ ಹೇಳಬೇಕು. ಕೂನೂರು, ಊಟಿಯಂಥ ಎತ್ತರದಲ್ಲಿ ಗಾಳಿಯೇ ತೆಳು. ಆದ್ದರಿಂದ ಬಯಲುಸೀಮೆಗೆಂದು ಹೊಂದಿಸಿದ ಕಾರ್ಬುರೇಟರು ಅಲ್ಲಿ ಪೆಟ್ರೋಲನ್ನು ಮೊದಲೇ ಹೆಚ್ಚಾಗಿ ಕುಡಿಯುತ್ತಿತ್ತು. ಅಂಥ ಗಾಡಿಗೆ ಎಥೆನಾಲಿನ ತೆಳುತನ ಸ್ವಲ್ಪ ಮಟ್ಟಿಗೆ ಸರಿದೂಗುತ್ತದೆ. ಮೇಲಿನವರಿಗೂ ಕೆಳಗಿನ ಗೂಡಲೂರು, ವಯನಾಡಿನವರಿಗೂ ಅನುಭವ ಒಂದೇ ಆಗಿರದಿದ್ದರೆ ಇದೂ ಒಂದು ಕಾರಣ.

ಇದು ನಮ್ಮ ಊಹೆಯಲ್ಲ, ಸರಕಾರವೇ ಒಪ್ಪಿದ ಅಂಕಿಗಳಿವೆ. ನೀತಿ ಆಯೋಗದ 2021ರ ಜೂನ್ ತಿಂಗಳ ವರದಿಯು, ಎಥೆನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ ಹತ್ತು ಪಾಲಿಗೆ ಹೊಂದಿಸಿದ ಕಾರುಗಳಲ್ಲಿ ಇ-20ರಿಂದ ಮೈಲೇಜು ಶೇಕಡಾ 6ರಿಂದ 7, ದ್ವಿಚಕ್ರಗಳಲ್ಲಿ 3ರಿಂದ 4, ಹೊಸದಾಗಿ ಹೊಂದಿಸಿದ ಕಾರುಗಳಲ್ಲಿ 1ರಿಂದ 2 ಇಳಿಯಬಹುದೆಂದು ಅಂದಾಜು ಮಾಡಿತ್ತು. 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಮಂತ್ರಾಲಯವೂ ಹೊಂದಿಸಿದ ಕಾರುಗಳಿಗೆ 1ರಿಂದ 2, ಉಳಿದವುಗಳಿಗೆ ಸುಮಾರು 3ರಿಂದ 6 ಎಂದು ಹೇಳಿತು. ಹಳೆಯ ಕೆಲವು ಗಾಡಿಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರಿನ ನಂತರ ರಬ್ಬರು ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದೂ ಹೇಳಿತು. ಹೆಚ್ಚು ಖರ್ಚು ಯಾವುದು, ಕಡಿಮೆ ಯಾವುದು ಎಂಬುದು ಆಯಾ ಮನೆಯ ಕೂಲಿ ಚೀಟಿ ನೋಡಿ ಹೇಳಬೇಕಾದ ಮಾತು. ತಿಂಗಳಿಗೆ ಹತ್ತು ಲೀಟರ್ ಹಾಕಿಸುವ ಮನೆಗೆ, ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ, ಶೇಕಡಾ ಐದರ ನಷ್ಟವೆಂದರೆ ವರ್ಷಕ್ಕೆ ಆರುನೂರು ರೂಪಾಯಿ.

ಬೆರೆಸುವ ಪ್ರಮಾಣ ಎಷ್ಟು ಬೇಗ ಏರಿತು ಎಂಬುದನ್ನೂ ತಿಳಿಯಬೇಕು. 2014ರಲ್ಲಿ ಅದು ಶೇಕಡಾ ಒಂದೂವರೆ. 2022ರ ಜೂನಿಗೆ ಹತ್ತು. ಇಪ್ಪತ್ತನ್ನು 2030ಕ್ಕೆ ಮುಟ್ಟಬೇಕೆಂದು ಮೊದಲು ಗೊತ್ತುಮಾಡಿದ್ದರು. ಆಮೇಲೆ ಗಡುವನ್ನು ಐದು ವರ್ಷ ಹಿಂದಕ್ಕೆ ತಂದರು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ-20ರ ಮಾರಾಟಕ್ಕೆ ಚಾಲನೆ ಸಿಕ್ಕಿತು, 2025ರಲ್ಲಿ ಇಪ್ಪತ್ತು ಮುಟ್ಟಿತು. ಹದಿನೈದು ವರ್ಷ ಬಾಳುವ ಗಾಡಿಯ ಅರ್ಧ ಆಯುಸ್ಸಿನೊಳಗೇ ಅದರ ಆಹಾರ ಬದಲಾಯಿತು.

ಎಥೆನಾಲನ್ನೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹೊರದೇಶದ ಎಣ್ಣೆಗೆ ಹೋಗುತ್ತಿದ್ದ ಹಣದಲ್ಲಿ ಒಂದು ಪಾಲು ಇಲ್ಲಿನ ಕಬ್ಬು, ಜೋಳ ಬೆಳೆಯುವವರಿಗೆ ಸಿಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಭಾಷೆಯ ಜನರ ಜೀವನವೂ ಕಬ್ಬಿನ ಗದ್ದೆಗೆ ಅಂಟಿಕೊಂಡಿದೆ. ನಮ್ಮ ತಕರಾರು ಬೇರೆ. ಅದೇ 2021ರ ವರದಿಯಲ್ಲಿ ಎರಡು ಸಲಹೆಗಳಿದ್ದವು. ಶಾಖ ಕಡಿಮೆಯಾದದ್ದಕ್ಕೆ ಪರಿಹಾರವಾಗಿ ಇ-20ರ ಬೆಲೆ ಕಡಿಮೆ ಇರುವಂತೆ ತೆರಿಗೆ ರಿಯಾಯಿತಿ ಕೊಡಬೇಕು ಎಂಬುದು ಒಂದು. ಹಳೆಯ ಗಾಡಿಗಳಿಗಾಗಿ ಹತ್ತು ಪಾಲಿನ ಪೆಟ್ರೋಲೂ ಬಂಕಿನಲ್ಲಿ ಸಿಗುತ್ತಿರಬೇಕು ಎಂಬುದು ಇನ್ನೊಂದು. ಬಂಕಿನಲ್ಲಿ ನಮಗೆ ಎರಡೂ ಕಾಣಲಿಲ್ಲ. ಎಥೆನಾಲ್ ಪೆಟ್ರೋಲಿಗಿಂತ ಅಗ್ಗವಾಗಿರುತ್ತದೆ ಎಂದು ಆಗ ಲೆಕ್ಕ ಹಾಕಿದ್ದರು. 2025ರ ಜುಲೈ ಕೊನೆಯ ಹೊತ್ತಿಗೆ ಕಂಪೆನಿಗಳು ಎಥೆನಾಲನ್ನು ಕೊಳ್ಳುವ ಸರಾಸರಿ ಬೆಲೆ, ಸಾಗಣೆ ತೆರಿಗೆ ಸೇರಿ, ಲೀಟರಿಗೆ 71 ರೂಪಾಯಿ ದಾಟಿತ್ತು. ಸಂಸ್ಕರಿಸಿದ ಪೆಟ್ರೋಲಿನ ಅಸಲು ಬೆಲೆಗಿಂತ ಇದು ಹೆಚ್ಚು ಎಂದು ಸರಕಾರವೇ ತಿಳಿಸಿತು. ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗಬೇಕು, ಬಂಕಿನಲ್ಲಿ ಎಷ್ಟು ಬೆರೆಸಿದೆ ಎಂದು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಬ್ರೆಜಿಲ್ ದೇಶದಲ್ಲಿ ಹೇಗಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ 1975ರಿಂದ ಕಬ್ಬಿನ ಎಥೆನಾಲ್ ಯೋಜನೆ ನಡೆದಿದೆ. 2025ರ ಆಗಸ್ಟಿನಿಂದ ಪೆಟ್ರೋಲಿನಲ್ಲಿ ಮೂವತ್ತು ಪಾಲು ಎಥೆನಾಲ್. ನಮಗಿಂತ ಹೆಚ್ಚು. ಆದರೆ ಅಲ್ಲಿ ಹೆಚ್ಚಿನ ಕಾರುಗಳು ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವಂಥವು, ಮತ್ತು ಒಂದೇ ಬಂಕಿನಲ್ಲಿ ಬರೀ ಎಥೆನಾಲೂ ಮಿಶ್ರ ಪೆಟ್ರೋಲೂ ಬೇರೆ ಬೇರೆ ಬೆಲೆಗೆ ಸಿಗುತ್ತವೆ. ಎಥೆನಾಲಿನ ಬೆಲೆ ಪೆಟ್ರೋಲಿನ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎಥೆನಾಲ್ ಹಾಕಿಸು, ಮೇಲಿದ್ದರೆ ಪೆಟ್ರೋಲು ಹಾಕಿಸು ಎಂಬ ಲೆಕ್ಕ ಅಲ್ಲಿನ ಸಾಮಾನ್ಯ ಚಾಲಕನಿಗೂ ಬಾಯಿಪಾಠ. ಶಾಖ ಕಡಿಮೆ ಇರುವ ಸಾಮಾನಿಗೆ ಬೆಲೆಯೂ ಕಡಿಮೆ ಇರಬೇಕೆಂಬುದು ಅಲ್ಲಿ ವಾದದ ವಿಷಯವಲ್ಲ, ದಿನದ ವ್ಯಾಪಾರ.

ಇನ್ನು ನಮ್ಮ ಮಳೆಯ ಮಾತು. ಬರೀ ಪೆಟ್ರೋಲು ನೀರನ್ನು ಹತ್ತಿರ ಸೇರಿಸುವುದಿಲ್ಲ. ಎಥೆನಾಲ್ ಹಾಗಲ್ಲ, ಉಪ್ಪಿನ ಹಾಗೆ ತೇವವನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ತೇವವಾದರೆ ಪೆಟ್ರೋಲಿನೊಳಗೇ ಕರಗಿ ಉರಿದುಹೋಗುತ್ತದೆ, ತೊಂದರೆಯಿಲ್ಲ. ಮಿತಿ ಮೀರಿತೆಂದರೆ ನೀರೂ ಎಥೆನಾಲೂ ಕೈಹಿಡಿದುಕೊಂಡು ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ. ಪೆಟ್ರೋಲು ಹೊರಡುವ ಪೈಪು ಇರುವುದೂ ತಳದಲ್ಲೇ. ದೇವಾಲ, ಪಂದಲೂರು ಕಡೆ ಜೂನ್ ಜುಲೈಯಲ್ಲಿ ಗಾಡಿ ನಾಲ್ಕು ಹೆಜ್ಜೆ ಓಡಿ ಕೆಮ್ಮಿ ನಿಂತರೆ ಮೊದಲು ಇದನ್ನು ಸಂಶಯಪಡಿ. ಟ್ಯಾಂಕಿನ ಮುಚ್ಚಳದ ರಬ್ಬರು ಸೀಳಿದ್ದರೆ ಬದಲಿಸಿ. ಗಾಡಿಯನ್ನು ಮಳೆಗೆ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಟ್ಯಾಂಕು ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಒಳಗೆ ಸೇರುತ್ತದೆ. ಹಳೆಯ ಟ್ಯಾಂಕಿನಲ್ಲಿ ಕೂತಿರುವ ಅಂಟು ಕೊಳೆಯನ್ನೂ ಎಥೆನಾಲ್ ಕರಗಿಸಿ ತರುತ್ತದೆ. ಅದು ಜೆಟ್ಟಿಗೆ ಕಟ್ಟಿಕೊಂಡರೆ ಮೈಲೇಜು ಇನ್ನೂ ಇಳಿಯುತ್ತದೆ. ಒಮ್ಮೆ ಟ್ಯಾಂಕು, ಕಾರ್ಬುರೇಟರು ತೊಳೆಸಿ, ಹೊಸ ಫಿಲ್ಟರು ಹಾಕಿಸಿದರೆ ಸಾಕು.

ಸರಕಾರ ಲೆಕ್ಕಪ್ರಕಾರ ಬೆರೆಸುವುದು ಒಂದು, ಕಳ್ಳತನದಲ್ಲಿ ಬೆರೆಸುವುದು ಇನ್ನೊಂದು. ಇವೆರಡನ್ನು ಕಲಸಬಾರದು. ಸೀಮೆಎಣ್ಣೆಗೂ ಪೆಟ್ರೋಲಿಗೂ ಬೆಲೆಯಲ್ಲಿ ಭಾರಿ ಅಂತರ ಇದ್ದ ಕಾಲದಲ್ಲಿ ಸೀಮೆಎಣ್ಣೆಯ ಕಲಬೆರಕೆ ದೊಡ್ಡ ದಂಧೆಯಾಗಿತ್ತು. ಅದನ್ನು ತಡೆಯಲು ಹೋಗಿ ಪ್ರಾಣ ಕೊಟ್ಟವರಲ್ಲಿ ನಮ್ಮ ನಾಡಿನ ಹುಡುಗನೊಬ್ಬನಿದ್ದಾನೆ. ಕೋಲಾರದ ಚಿನ್ನದ ಗಣಿಯ ಊರಿನ ಮಂಜುನಾಥ ಷಣ್ಮುಗಂ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲಿನಲ್ಲಿ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೆಲಸ ಮಾಡುತ್ತಿದ್ದ. ಕಲಬೆರಕೆಯ ಬಂಕಿಗೆ ಬೀಗಮುದ್ರೆ ಹಾಕಿಸಿದ್ದಕ್ಕಾಗಿ 2005ರ ನವೆಂಬರ್ 19ರಂದು ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 27 ವರ್ಷ. ಒಂದು ಲೀಟರಿನ ಶುದ್ಧಿಗಾಗಿ ಒಬ್ಬ ತಾಯಿಯ ಮಗ ಸತ್ತಿದ್ದಾನೆ ಎಂಬುದನ್ನು ತಿಳಿದವರು ಬಂಕಿನಲ್ಲಿ ಪರೀಕ್ಷೆ ಕೇಳಲು ನಾಚಬಾರದು.

ಕೇಳುವ ಹಕ್ಕು ನಮಗಿದೆ. ಫಿಲ್ಟರ್ ಕಾಗದ ಕೇಳಿ, ಒಂದು ತೊಟ್ಟು ಪೆಟ್ರೋಲು ಬಿಡಿ. ಒಳ್ಳೆಯ ಪೆಟ್ರೋಲು ಕಲೆ ಉಳಿಸದೆ ಹಾರಿಹೋಗುತ್ತದೆ, ಸೀಮೆಎಣ್ಣೆ ಇದ್ದರೆ ಜಿಡ್ಡಿನ ಕಲೆ ನಿಲ್ಲುತ್ತದೆ. ಅಳತೆಯ ಮೇಲೆ ಸಂಶಯವಿದ್ದರೆ ಮುದ್ರೆಯೊತ್ತಿದ ಐದು ಲೀಟರ್ ಮಾಪಕದಲ್ಲಿ ಹಿಡಿಸಿ ನೋಡಿ. 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಇರಕೂಡದು. ಮೀಟರು ಸೊನ್ನೆಯಿಂದ ಹೊರಡುವುದನ್ನು ನೋಡುವುದಂತೂ ಎಲ್ಲರಿಗೂ ಗೊತ್ತಿದೆ. ಬಂಕು ದೂರವೆಂದು ಪಾಡಿಯ ಅಂಗಡಿಯಲ್ಲಿ ಬಾಟಲಿಯ ಪೆಟ್ರೋಲು ಕೊಳ್ಳುವವರಿಗೆ ಈ ಯಾವ ರಕ್ಷಣೆಯೂ ಇಲ್ಲ. ಅದು ಯಾವಾಗ ತಂದದ್ದು, ಅದರಲ್ಲಿ ಏನಿದೆ ಎಂದು ಯಾರನ್ನು ಕೇಳುವುದು? ಒಲೆ ಉರಿಯುವ ಮನೆಯೊಳಗೆ ಆ ಬಾಟಲಿ ಇಡುವ ಅಪಾಯ ಬೇರೆ.

ಈಗ ಮೊದಲು ಹೇಳಿದ ಆ ಹೊರೆಯ ಸಂಗತಿ. ನಮಗೆ ತಿಳಿದ ಒಂದು ತೋಟದಲ್ಲಿ ಟಪಾಲು ಒಯ್ಯುವ ಕೆಲಸಗಾರರೊಬ್ಬರಿಗೆ ಆಫೀಸಿನ ಬೈಕು ಕೊಟ್ಟಿದ್ದಾರೆ. ಲೀಟರಿಗೆ 50 ಕಿಲೋಮೀಟರ್ ಎಂದು ಹಿಂದೆ ಯಾವಾಗಲೋ ಗೊತ್ತುಮಾಡಿದ ಲೆಕ್ಕದಂತೆ ಪೆಟ್ರೋಲು. ಅವರು ತಿಂಗಳಿಗೆ ಸುಮಾರು 1,200 ಕಿಲೋಮೀಟರ್ ಓಡಿಸುತ್ತಾರೆ. ಆರು ತಿಂಗಳಲ್ಲಿ ಒಂಬತ್ತು ಲೀಟರಿಗೂ ಮಿಕ್ಕಿ ಕೊರತೆ ಬಂತು. ರೈಟರ್ ಪುಸ್ತಕದಲ್ಲಿ ಬರೆದರು, ಸಂಬಳದಲ್ಲಿ ಹಿಡಿದರು. ಹಣ ಸುಮಾರು ಎರಡು ದಿನದ ಕೂಲಿ. ಅದಕ್ಕಿಂತ ಭಾರವಾದದ್ದು, ಪೆಟ್ರೋಲು ಕದಿಯುತ್ತಾನೆ ಎಂಬ ಮಾತು ಮಸ್ಟರಿನಲ್ಲಿ ಎಲ್ಲರ ಕಿವಿಗೂ ಬಿದ್ದದ್ದು. ಅವರ ಹೆಂಡತಿ ಎಲೆ ಕೀಳಲು ಹೋದಲ್ಲೂ ಅದೇ ಮಾತು.

ನಾವು ಯೂನಿಯನ್ನಿನ ಇಬ್ಬರು ಹೋಗಿ ಜಗಳ ಮಾಡಲಿಲ್ಲ, ಅಳೆಯೋಣ ಎಂದೆವು. ಟ್ಯಾಂಕು ಕತ್ತಿನವರೆಗೆ ತುಂಬಿಸಿ, ಮೀಟರು ಬರೆದುಕೊಂಡು, ಅದೇ ದಾರಿಯಲ್ಲಿ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕತ್ತಿನವರೆಗೆ ತುಂಬಿಸಿದೆವು. ಹೀಗೆ ಮೂರು ಸಲ. ಎರಡು ಸಲ ಆಫೀಸಿನವರೊಬ್ಬರೇ ಓಡಿಸಿದರು. ಸರಾಸರಿ 47 ಬಂತು. ಐವತ್ತಕ್ಕೆ ಮೂರು ಕಡಿಮೆ ಎಂದರೆ ಶೇಕಡಾ ಆರು. ಮಂತ್ರಾಲಯ ಹೇಳಿದ ಅಂಕಿಯ ಒಳಗೇ ಇದೆ. ಕೆಲಸಗಾರನ ತಪ್ಪಿನಿಂದಲೇ ನಷ್ಟವಾಯಿತೆಂದು ತೋರಿಸದೆ, ಅವನ ಸಮಜಾಯಿಷಿ ಕೇಳದೆ ಸಂಬಳದಲ್ಲಿ ಹಿಡಿಯಬಾರದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಎರಡನ್ನೂ ಕಾಗದದಲ್ಲಿ ಬರೆದು ಕೊಟ್ಟೆವು. ಹಿಡಿದ ಹಣ ಹಿಂದಕ್ಕೆ ಬಂತು, ಲೆಕ್ಕ 47ಕ್ಕೆ ಇಳಿಯಿತು. ಕದ್ದನೆಂದು ಹೇಳಿದವರು ಮಸ್ಟರಿನಲ್ಲಿ ನಿಂತು ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿದ್ದಕ್ಕೆ ಇದುವರೆಗೆ ಉತ್ತರ ಬಂದಿಲ್ಲ. ಕೇಳುತ್ತಲೇ ಇದ್ದೇವೆ.

ಆದ್ದರಿಂದ ತೋಟದ ಗಾಡಿ ಓಡಿಸುವ ಸಹೋದರರೆಲ್ಲ, ಸ್ವಂತ ಗಾಡಿ ಇರುವವರೂ, ಈ ತಿಂಗಳಿಂದ ಮೂರು ಸಲ ಕತ್ತಿನಿಂದ ಕತ್ತಿಗೆ ಅಳೆದು ಬರೆದಿಡಿ. ಒಂದು ಸಲದ ಅಳತೆ ನಂಬಲಾಗದು. ಅಳೆಯುವ ಮೊದಲು ಟಯರಿಗೆ ಗಾಳಿ ಹಿಡಿಸಿ, ಚೈನಿಗೆ ಎಣ್ಣೆ ಬಿಡಿ, ಬ್ರೇಕು ಹಿಡಿದುಕೊಂಡಿದೆಯೋ ಎಂದು ಚಕ್ರ ತಿರುಗಿಸಿ ನೋಡಿ, ಏರ್ ಫಿಲ್ಟರು ಕೊಡವಿ. ಇಷ್ಟು ಮಾಡಿದ ಮೇಲೂ ಇಳಿತ ನೂರಕ್ಕೆ ಆರೇಳರ ಒಳಗಿದ್ದರೆ ಅದು ಎಥೆನಾಲಿನದ್ದಿರಬಹುದು. ಹದಿನೈದು ಇಪ್ಪತ್ತು ಇಳಿದಿದ್ದರೆ ಎಥೆನಾಲನ್ನು ಬಿಟ್ಟು ಮೆಕ್ಯಾನಿಕ್ಕಿನ ಬಳಿಗೋ ಐದು ಲೀಟರ್ ಮಾಪಕದ ಬಳಿಗೋ ಹೋಗಬೇಕು. ಚೀಟಿಯಲ್ಲಿ ಗಾಡಿಯ ಹೆಸರು, ಅದು ಯಾವ ವರ್ಷದ್ದು, ಕಾರ್ಬುರೇಟರೋ ಇಂಜೆಕ್ಷನ್ನೋ, ಮೂರು ಸಲದ ಕಿಲೋಮೀಟರು, ಲೀಟರು ಇಷ್ಟನ್ನು ಬರೆದು ಮುಂದಿನ ಕೂಟಕ್ಕೆ ತನ್ನಿ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಬಂಕಿನ ಬಿಲ್ಲನ್ನು ಮಾತ್ರ ಹರಿದು ಎಸೆಯಬೇಡಿ, ಚೀಟಿಗೆ ಪಿನ್ ಹಾಕಿಡಿ.